‘ಬೊಂಬಾಟ್’ ಎಂಬ ಮಾತಿನ ತವರು ಯಾವುದು?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಎಂಟನೆಯ ತರಗತಿಯ ಹುಡುಗನೊಬ್ಬ ದಸರಾ ರಜೆಯ ಬಗ್ಗೆ ಬರೆದ ಪ್ರಬಂಧದಲ್ಲಿ ‘ತಾತನ ಜೊತೆ ಮೈಸೂರಿಗೆ ಹೋಗಿ ಜಂಬೂಸವಾರಿ ನೋಡಿದೆನು, ಬೊಂಬಾಟಾಗಿತ್ತು’ ಎಂದು ಬರೆದಿದ್ದ. ನಾನು ಆ ಪದದ ಕೆಳಗೆ ಕೆಂಪು ಗೆರೆ ಎಳೆದು ಒಂದು ಅಂಕ ಕಳೆದೆ. ಮೂರು ದಿನದ ಮೇಲೆ ಅವನ ತಾತನೇ ಶಾಲೆಗೆ ಬಂದು, ‘ಬೊಂಬೆಯಾಟ ಅನ್ನೋದೇ ಬೊಂಬಾಟ ಆಗಿರೋದು ಕಣವ್ವ, ದಸರಾ ಬೊಂಬೆ ಕಾಲದ ಮಾತು, ಅದೆಂಗೆ ತಪ್ಪಾದದು?’ ಎಂದು ಕೇಳಿದರು. ಸ್ಟಾಫ್ ರೂಮಿನಲ್ಲಿ ವಿಚಾರಿಸಿದರೆ ಸಮಾಜ ಪಾಠದ ಮೇಷ್ಟರು ಇದು ಮಹಾಯುದ್ಧದ ಕಾಲದಲ್ಲಿ ಸಿಪಾಯಿಗಳು ತಂದ ಇಂಗ್ಲಿಷಿನ ‘ಬಾಂಬಾರ್ಡ್’ (ಗುಂಡಿನ ಮಳೆಗರೆಯುವುದು) ಎಂದರು. ಇನ್ನೊಬ್ಬರು ಫೋನಿನಲ್ಲಿ ಹುಡುಕಿ ‘ಬಾಂಬ್ಯಾಸ್ಟ್’ ಎಂದು ತೋರಿಸಿದರು. ಹಿರಿಯರೊಬ್ಬರು ಮಾತ್ರ ದನಿ ತಗ್ಗಿಸಿ, ಇದರ ಮೂಲ ಅಸಭ್ಯವಾದದ್ದು, ಹೆಣ್ಣುಮಕ್ಕಳು ಆಡುವ ಮಾತಲ್ಲ ಎಂದರು. ಚಿಕ್ಕಂದಿನಿಂದ ಆಡುತ್ತ ಬಂದ ಮಾತನ್ನು ಈಗ ಬಾಯಿಗೆ ತರಲೂ ಹಿಂಜರಿಕೆಯಾಗುತ್ತಿದೆ. ಇದು ಕನ್ನಡವೇ? ನಾನು ಅಂಕ ಕಳೆದದ್ದು ಸರಿಯೇ? ಶಾಲೆಯ ಗೋಡೆಪತ್ರಿಕೆಯಲ್ಲಿ ಈ ಪದದ ಬಗ್ಗೆ ಒಂದು ಟಿಪ್ಪಣಿ ಹಾಕಬೇಕೆಂದಿದ್ದೇನೆ, ಏನೆಂದು ಬರೆಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ, ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಆ ಹಿರಿಯ ಸಹೋದ್ಯೋಗಿಯ ಮಾತು ಎಂದು ನನಗನ್ನಿಸುತ್ತದೆ. ಆದ್ದರಿಂದ ಅದನ್ನೇ ಮೊದಲು ಮುಗಿಸುತ್ತೇನೆ. ಬೊಂಬಾಟ್ ಅಸಭ್ಯ ಪದವಲ್ಲ. ಮೈಸೂರಿನಲ್ಲಿ ಕುಳಿತು ಪದಸಂಗ್ರಹ ಮತ್ತು ನಿಘಂಟಿನ ಕೆಲಸದಲ್ಲಿ ಮೂರು ದಶಕ ಕಳೆದವನು ನಾನು. ಇದರ ಮೂಲ ಹೊಲಸು ಎಂದವರನ್ನು ಹಲವು ಬಾರಿ ಕಂಡಿದ್ದೇನೆ, ಆದರೆ ಆ ಹೊಲಸು ಮೂಲಪದ ಯಾವುದು ಎಂದು ಕೇಳಿದಾಗ ಒಬ್ಬರೂ ಒಂದು ಪದವನ್ನು ಮುಂದಿಟ್ಟದ್ದಿಲ್ಲ. ಹಾಗಾದರೆ ಆ ಕಳಂಕ ಎಲ್ಲಿಂದ ಬಂತು ಎಂದರೆ, ಬಸ್ ನಿಲ್ದಾಣದಲ್ಲಿ ನಿಂತ ಪಡ್ಡೆ ಹುಡುಗರು ಹಾದುಹೋಗುವ ಹುಡುಗಿಯನ್ನು ನೋಡಿ ಇದೇ ಪದವನ್ನು ಎಸೆದ ಕಾಲವೊಂದಿತ್ತು, ಈಗಲೂ ಇದೆ. ಆ ತಲೆಮಾರಿನ ಸಭ್ಯ ಮನೆಗಳಲ್ಲಿ ಪದಕ್ಕೆ ಆ ಬಸ್ ನಿಲ್ದಾಣದ ವಾಸನೆ ಅಂಟಿಕೊಂಡಿತು. ಅದು ಬಳಕೆಯಿಂದ ಅಂಟಿದ್ದೇ ಹೊರತು ಬೇರಿನಿಂದ ಬಂದದ್ದಲ್ಲ. ಅದೇ ಹುಡುಗರು ‘ಸೂಪರ್’ ಎಂದೂ ಕೂಗಿದ್ದಾರೆ, ಆ ಪದವನ್ನು ಯಾರೂ ಮಡಿಯಿಂದ ಹೊರಗಿಟ್ಟಿಲ್ಲ.

ಇನ್ನು ಮೂಲದ ವಿಚಾರ. ಒಂದು ಪದದ ಹುಟ್ಟನ್ನು ನಂಬಬಹುದಾದಂತೆ ಹೇಳಬೇಕಾದರೆ ಅದರ ಧ್ವನಿ, ಅದರ ಅರ್ಥ, ಅದು ನಡೆದು ಬಂದ ದಾರಿ ಈ ಮೂರೂ ಒಟ್ಟಿಗೆ ಒಪ್ಪಬೇಕು. ಇದು ಹೇಗಿರುತ್ತದೆಂದು ನೋಡಲು ಬೊಂಬಾಟಿನ ಪಕ್ಕದಲ್ಲೇ ಓಡಾಡುವ ‘ಸಕತ್’ ಎಂಬ ಮಾತನ್ನು ತೆಗೆದುಕೊಳ್ಳಿ. ಪರ್ಷಿಯನ್ನಿನಲ್ಲಿ ‘ಸಖ್ತ್’ ಎಂದರೆ ಗಟ್ಟಿಯಾದದ್ದು, ಕಠಿಣವಾದದ್ದು. ಹಿಂದಿ, ಉರ್ದುಗಳಲ್ಲಿ ಇಂದಿಗೂ ಅದೇ ಅರ್ಥ ಉಳಿದಿದೆ. ದಖನಿ ಉರ್ದುವಿನ ನೆರೆಯಲ್ಲಿ ಶತಮಾನಗಳಿಂದ ಬದುಕಿದ ನಮ್ಮ ಬಾಯಿಗೆ ‘ಖ್ತ್’ ಎಂಬ ಒತ್ತು ಒಗ್ಗದೆ ನಡುವೆ ಒಂದು ಸ್ವರ ಬಂದು ಸಖತ್, ಸಕತ್, ಸಕತ್ತು ಎಂದಾಯಿತು. ಕಠಿಣ ಎಂಬುದು ವಿಪರೀತ ಎಂದಾಗಿ, ವಿಪರೀತ ಎಂಬುದು ಬಹಳ ಚೆನ್ನ ಎಂದಾಯಿತು. ‘ಭಯಂಕರ ಚೆನ್ನಾಗಿದೆ’ ಎನ್ನುವಾಗ ಭಯವೇನೂ ಇರುವುದಿಲ್ಲವಲ್ಲ, ಹಾಗೆಯೇ ಇದೂ. ‘ಜಬರ್ದಸ್ತ್’ ಎಂಬುದರ ಕಥೆಯೂ ಇಂಥದೇ. ಮೇಲುಗೈ ಎಂಬ ಅರ್ಥದ ಆ ಪರ್ಷಿಯನ್ ಪದದಿಂದ ಬಂದ ‘ಜಬರದಸ್ತಿ’ ನಮ್ಮಲ್ಲಿ ಬಲವಂತವಾಗಿಯೇ ಉಳಿಯಿತು, ಜಬರ್ದಸ್ತ್ ಮಾತ್ರ ಮೆಚ್ಚುಗೆಯಾಯಿತು. ‘ಭರ್ಜರಿ’ ಮರಾಠಿಯಲ್ಲಿ ಮೈತುಂಬ ಜರಿ ನೇಯ್ದ ಬಟ್ಟೆ. ‘ಮಸ್ತ್’ ಎಂದರೆ ಮೊದಲಿಗೆ ಅಮಲೇರಿದ ಸ್ಥಿತಿ, ಮೂಲ ನೋಡಿ ಮಡಿ ಮಾಡುವುದಾದರೆ ನಿಮ್ಮ ಸಹೋದ್ಯೋಗಿ ಮೊದಲು ದೂರವಿಡಬೇಕಾದದ್ದು ಅದನ್ನು. ಇವೆಲ್ಲ ಊರು, ಮನೆತನ, ಬಂದ ದಾರಿ ಎಲ್ಲ ಗೊತ್ತಿರುವ ಪದಗಳು.

ಬೊಂಬಾಟ್ ಹಾಗಲ್ಲ. ಅದಕ್ಕೆ ತಂದೆ ತಾನೆಂದು ಹೇಳಿಕೊಳ್ಳುವವರು ನಾಲ್ಕೈದು ಮಂದಿಯಿದ್ದಾರೆ, ಒಬ್ಬರ ಕೈಯಲ್ಲೂ ದಾಖಲೆಯಿಲ್ಲ.

ತಾತನವರ ಬೊಂಬೆಯಾಟದಿಂದಲೇ ಪ್ರಾರಂಭಿಸೋಣ, ಏಕೆಂದರೆ ಅದು ಮೇಲ್ನೋಟಕ್ಕೆ ಬಹಳ ಚೆಂದದ ಊಹೆ. ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಮನೆಮನೆಯಲ್ಲೂ ಬೊಂಬೆ ಕೂರಿಸುತ್ತಾರೆ, ಸೂತ್ರದ ಬೊಂಬೆ, ತೊಗಲು ಬೊಂಬೆಗಳ ಆಟವೂ ಈ ಕಡೆ ಬಳಕೆಯಲ್ಲಿತ್ತು, ಬೊಂಬಾಟಿನ ‘ಟ’ಕಾರ ಆಟದ ‘ಟ’ಕಾರಕ್ಕೆ ನೇರವಾಗಿ ಹೊಂದುತ್ತದೆ. ಇಷ್ಟರ ಮೇಲೆ ಮೆಚ್ಚುಗೆಯ ಮಾತಿಗೆ ನಮ್ಮೂರಿನ ಹಬ್ಬವೇ ತವರು ಎಂದರೆ ಯಾರಿಗೆ ಖುಷಿಯಾಗದು? ಆದರೆ ಸಂಧಿಯ ಪಾಠ ಮಾಡುವ ನಿಮಗೆ ತೊಡಕು ತಟ್ಟನೆ ಕಾಣಬೇಕು. ಎಕಾರದಲ್ಲಿ ಕೊನೆಗೊಳ್ಳುವ ಪದದ ಮುಂದೆ ಸ್ವರ ಬಂದರೆ ನಡುವೆ ಯಕಾರ ಬರುತ್ತದೆ, ಬೊಂಬೆ ಮತ್ತು ಆಟ ಕೂಡಿ ಬೊಂಬೆಯಾಟವಾಗುತ್ತದೆ, ಬಾಯಿಮಾತಿನಲ್ಲಿ ಬಿರುಸಾಗಿ ಹೇಳಿದರೂ ‘ಬೊಂಬ್ಯಾಟ’ ಎಂದಾಗುತ್ತದೆಯೇ ಹೊರತು ಆ ಯಕಾರದ ನೆರಳು ಪೂರ್ತಿ ಅಳಿಸಿಹೋಗುವುದಿಲ್ಲ. ಹೋಗಲಿ, ಅದೂ ಅಳಿಯಿತೆಂದೇ ಒಪ್ಪೋಣ. ದೊಡ್ಡ ತೊಡಕು ಪದದ ತಲೆಯಲ್ಲಿಲ್ಲ, ಬಾಲದಲ್ಲಿದೆ. ಕೋಲಾಟ, ಬಯಲಾಟ, ಹುಡುಗಾಟ, ಪರದಾಟ, ಗೋಳಾಟ, ಕಾದಾಟ ಹೀಗೆ ಆಟ ಸೇರಿದ ನೂರು ಪದ ನಮ್ಮಲ್ಲಿವೆ, ಎಲ್ಲವೂ ಅಕಾರದಲ್ಲೇ ನಿಲ್ಲುತ್ತವೆ. ಯಾರೂ ‘ಕೋಲಾಟು’ ಎನ್ನುವುದಿಲ್ಲ, ‘ಹುಡುಗಾಟ್’ ಎಂದು ಕಡಿದು ಹೇಳುವುದೂ ಇಲ್ಲ. ಆದರೆ ನಮ್ಮ ಪದವನ್ನು ಜನ ಒಂದೋ ‘ಬೊಂಬಾಟ್’ ಎಂದು ವ್ಯಂಜನಕ್ಕೆ ನಿಲ್ಲಿಸುತ್ತಾರೆ, ಇಲ್ಲವೇ ‘ಬೊಂಬಾಟು’ ಎನ್ನುತ್ತಾರೆ. ಬಸ್ಸು, ಕಾರು, ರೋಡು, ಲಿಸ್ಟು ಎನ್ನುವಾಗ ಕೊನೆಯಲ್ಲಿ ಬಂದು ಕೂರುವ ಉಕಾರ ಇದೆಯಲ್ಲ, ಅದು ವ್ಯಂಜನಾಂತವಾಗಿ ಹೊರಗಿನಿಂದ ಬಂದ ಪದವನ್ನು ಕನ್ನಡದ ಬಾಯಿ ಒಳಕ್ಕೆ ಕರೆದುಕೊಳ್ಳುವ ರೀತಿ.

ಇದು ನನಗೆ ಪುಸ್ತಕದಲ್ಲಿ ಹೊಳೆದದ್ದಲ್ಲ. ಪದ ಬರೆದುಕೊಳ್ಳಲು ಊರೂರು ಸುತ್ತುತ್ತಿದ್ದ ಕಾಲದಲ್ಲಿ ಮಂಡ್ಯದ ಹತ್ತಿರದ ಆಲೆಮನೆಯೊಂದರಲ್ಲಿ ಒಂದು ಮಧ್ಯಾಹ್ನ ಕುಳಿತಿದ್ದೆ. ಕೊಪ್ಪರಿಗೆಯ ಪಾಕ ಹದಕ್ಕೆ ಬಂದು, ಅಚ್ಚಿಗೆ ಸುರಿಯುವ ಮೊದಲು ಬೆಲ್ಲ ಕಾಯಿಸುತ್ತಿದ್ದ ಹಿರಿಯರು ಬಾಳೆಲೆಯ ಚೂರಿನಲ್ಲಿ ಒಂದಿಷ್ಟು ಬಿಸಿ ಬೆಲ್ಲ ಹಾಕಿ ಕೊಟ್ಟು, ‘ತಿನ್ನಿ ಸಾಮಿ, ಬೊಂಬಾಟಾಗದೆ’ ಎಂದರು. ನಾನು ಕಾರ್ಡು ತೆಗೆದು ಬರೆದುಕೊಳ್ಳುತ್ತ, ಬರೀ ಆ ಪದವೊಂದನ್ನೇ ಹೇಳಿ ಎಂದೆ. ಅವರು ‘ಬೊಂಬಾಟು’ ಎಂದರು, ಕೊನೆಯ ಉಕಾರ ಸ್ಪಷ್ಟವಾಗಿತ್ತು. ಕಬ್ಬಿನ ಸಿಪ್ಪೆ ಎಳೆದು ಹಾಕುತ್ತಿದ್ದ ಅವರ ಮೊಮ್ಮಗ ಕಾಲೇಜಿಗೆ ಹೋಗುವವನು, ‘ಅಲ್ಲ ತಾತ, ಬೊಂಬಾಆಟ್’ ಎಂದು ನಡುವಿನ ಸ್ವರವನ್ನು ರಬ್ಬರಿನಂತೆ ಎಳೆದು ತಿದ್ದಿದ. ಈ ಎಳೆತ ಸುಮ್ಮನೆ ಅಲ್ಲ. ‘ತುಂಬಾ ಬೊಂಬಾಟ್’ ಎಂದು ಯಾರೂ ಹೇಳುವುದು ಕಡಿಮೆ, ಮೆಚ್ಚುಗೆ ಎಷ್ಟಿದೆಯೋ ಅಷ್ಟು ಉದ್ದಕ್ಕೆ ‘ಬಾ’ ಎಂಬುದನ್ನು ಎಳೆಯುತ್ತಾರೆ. ‘ಬೊಂಬಾಟಾಗಿಲ್ಲ’ ಎಂಬ ನಿಷೇಧರೂಪವೂ ಅಪರೂಪ, ಚೆನ್ನಾಗಿಲ್ಲದ್ದನ್ನು ಹೇಳಲು ‘ಬೊಂಬಾಟ್ ಕೆಲಸ ಮಾಡ್ದೆ ಬಿಡು’ ಎಂಬ ಕೊಂಕು ಇದೆ. ಇಂಥ ನಡವಳಿಕೆ ಅನುಕರಣಶಬ್ದಗಳ ನಡವಳಿಕೆಗೆ ಹತ್ತಿರವಾದದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೊಂಬೆಯ ವಾದಕ್ಕೆ ಇನ್ನೊಂದು ಸಣ್ಣ ಆಕ್ಷೇಪವಿದೆ. ಮೈಸೂರಿನವರು ಬೊಂಬೆ ಎಂದಷ್ಟೇ ಗೊಂಬೆ ಎಂದೂ ಹೇಳುತ್ತಾರೆ. ಬೊಂಬೆಯಾಟದಿಂದ ಬೊಂಬಾಟ ಬಂದಿದ್ದರೆ ಎಲ್ಲಾದರೊಂದು ಕಡೆ ‘ಗೊಂಬಾಟ’ವೂ ಕೇಳಬೇಕಿತ್ತು. ಅದನ್ನು ಆಡಿದವರನ್ನು ನಾನು ಕಂಡಿಲ್ಲ.

ಬಾಂಬಾರ್ಡಿನ ವಾದ ಇದಕ್ಕಿಂತ ಗಟ್ಟಿಯಾದದ್ದು, ಆದರೆ ಸಮಾಜದ ಮೇಷ್ಟರು ಹೇಳಿದ ಕಾರಣಕ್ಕಲ್ಲ. ಈ ಕಥೆ ಹೇಳುವವರು ಸಾಮಾನ್ಯವಾಗಿ ಮೈಸೂರು ಲ್ಯಾನ್ಸರ್ಸ್ ದಳವನ್ನು ಎಳೆದು ತರುತ್ತಾರೆ. ಆ ದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಸವಾರರ ಜೊತೆಗೂಡಿ ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದದ್ದು ನಿಜ, ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನವರ ನೆನಪಿನದು ಎಂಬುದೂ ನಿಜ. ಆದರೆ ಅಂದು ಕಾರ್ಮೆಲ್ ಗುಡ್ಡದ ಮೇಲಿನಿಂದ ಗುಂಡು ಸುರಿಸಿದ್ದು ಎದುರಾಳಿಗಳು, ನಮ್ಮವರು ಹೋದದ್ದು ಕುದುರೆಯ ಮೇಲೆ, ಈಟಿ ಕತ್ತಿ ಹಿಡಿದು. ಮದ್ದುಗುಂಡಿನ ಮಳೆಯ ಕೆಳಗೆ ನುಗ್ಗಿದವರು ಅದರ ಹೆಸರನ್ನೇ ಮೆಚ್ಚುಗೆಯ ಮಾತಾಗಿಸಿ ಮನೆಗೆ ತಂದರು ಎನ್ನುವುದು ಕೇಳಲು ಸೊಗಸು. ಹಾಗೆ ತಂದರೆನ್ನುವುದಕ್ಕೆ ಒಂದು ಕಾಗದವನ್ನಾಗಲಿ, ಆ ಕಾಲದ ಒಂದು ಮುದ್ರಿತ ಸಾಲನ್ನಾಗಲಿ ಈ ಕಥೆ ಹೇಳುವವರು ತೋರಿಸಿದ್ದಿಲ್ಲ.

ಸಿಪಾಯಿಗಳನ್ನು ಬಿಟ್ಟು ಬರೀ ಪದವನ್ನು ನೋಡಿ. ‘ಬಾಂಬಾರ್ಡ್’ ಎಂಬುದರ ರಕಾರ ಎಲ್ಲಿ ಹೋಯಿತು, ಡಕಾರ ಟಕಾರವಾದದ್ದು ಹೇಗೆ ಎಂದು ಆಕ್ಷೇಪಿಸುವವರಿದ್ದಾರೆ. ನಾನು ಆ ಆಕ್ಷೇಪವನ್ನು ಒಪ್ಪುವುದಿಲ್ಲ. ಹಳೆಯ ಆಂಗ್ಲ ಅಧಿಕಾರಿಗಳ ಉಚ್ಚಾರಣೆಯಲ್ಲಿ ಆ ರಕಾರ ಕೇಳಿಸುತ್ತಲೇ ಇರಲಿಲ್ಲ. ‘ದೊಡ್ಡ ಲಾಟ್ ಸಾಹೇಬ ಇವನು’ ಎಂದು ನಾವು ಹಂಗಿಸುತ್ತೇವಲ್ಲ, ಆ ‘ಲಾಟ್’ ಇಂಗ್ಲಿಷಿನ ‘ಲಾರ್ಡ್’ ಎಂಬುದೇ. ಹಿಂದೂಸ್ತಾನಿಯ ಬಾಯಲ್ಲಿ ರಕಾರ ಬಿದ್ದು, ಡಕಾರ ಗಡುಸಾಗಿ, ನಮ್ಮವರೆಗೂ ಬಂತು. ಲಾರ್ಡ್ ಲಾಟ್ ಆಗಬಹುದಾದರೆ ಬಾಂಬಾರ್ಡ್ ಬಾಂಬಾಟ್ ಆಗಲು ಅಡ್ಡಿಯಿಲ್ಲ. ಅರ್ಥದ ಅಡ್ಡಿಯೂ ಇಲ್ಲ, ಚೆನ್ನಾಗಿ ಆಡಿದವನನ್ನು ‘ಧೂಳೆಬ್ಬಿಸಿದ’ ಎನ್ನುತ್ತೇವೆ, ‘ಚಿಂದಿ’ ಎನ್ನುತ್ತೇವೆ, ಈಗಿನ ಮಕ್ಕಳು ‘ಬೆಂಕಿ’ ಎನ್ನುತ್ತಾರೆ. (ಇನ್ನು ನೂರು ವರ್ಷಕ್ಕೆ ಯಾರೋ ಒಬ್ಬರು ಈ ಬೆಂಕಿಯ ಮೂಲವನ್ನು ಹೋಮಕುಂಡಕ್ಕೆ ಕಟ್ಟಿ ಒಂದು ಕಥೆ ಹೇಳಿಯೇ ಹೇಳುತ್ತಾರೆ.) ಹಾಗಾದರೆ ತೊಡಕು ಎಲ್ಲಿದೆ? ಯಾರೂ ಗಮನಿಸದ ಮೊದಲ ಅಕ್ಷರದಲ್ಲಿದೆ. ಇಂಗ್ಲಿಷಿನ ಈ ಬಗೆಯ ಸ್ವರವನ್ನು ಕನ್ನಡದ ಬಾಯಿ ಬಹುಮಟ್ಟಿಗೆ ಆಕಾರವಾಗಿ ತೆಗೆದುಕೊಳ್ಳುತ್ತದೆ. ಕಾಫಿ, ಲಾರಿ, ಡಾಕ್ಟರು, ಕಾಲೇಜು, ಬಾಟ್ಲಿ, ಆಫೀಸು, ಬಾಂಬು ಎನ್ನುತ್ತೇವೆ. ‘ಬೊಂಬು’ ಎಂದರೆ ನಮಗೆ ಬಿದಿರು, ಸಿಡಿಯುವ ವಸ್ತುವಲ್ಲ. ಬಾಂಬಾರ್ಡಿನಿಂದ ಬಂದಿದ್ದರೆ ಹಳ್ಳಿಯ ಬಾಯಲ್ಲಿ ‘ಬಾಂಬಾಟು’ ಎಂಬುದೇ ಸಹಜವಾಗಿ ನಿಲ್ಲಬೇಕಿತ್ತು. ಒತ್ತಿಲ್ಲದ ಮೊದಲ ಅಕ್ಷರದಲ್ಲಿ ಒಕಾರ ಉಳಿದದ್ದೂ ಉಂಟು, ‘ಪೊಲೀಸು’ ಅಂಥದೊಂದು. ಆದ್ದರಿಂದ ಈ ವಾದವನ್ನು ತಳ್ಳಿಹಾಕುವುದಿಲ್ಲ, ಅದರ ತೂಕ ಮಾತ್ರ ಅರ್ಧಕ್ಕೆ ಇಳಿಯುತ್ತದೆ.

ಬಾಂಬ್ಯಾಸ್ಟಿನದು ಒಂದೇ ಮಾತಿನಲ್ಲಿ ಮುಗಿಯುವ ಪ್ರಕರಣ. ಪೋಸ್ಟು, ಫಸ್ಟು, ಲಿಸ್ಟುಗಳಲ್ಲಿ ಭದ್ರವಾಗಿ ಉಳಿದ ಸಕಾರ ಇಲ್ಲಿ ಮಾತ್ರ ಮಾಯವಾಗಲು ಕಾರಣವಿಲ್ಲ. ಕುತೂಹಲಕ್ಕೆ ಹೇಳುವುದಾದರೆ ಇಂಗ್ಲಿಷಿನ ಆ ಪದಕ್ಕೂ ಬಾಂಬಿಗೂ ನಂಟಿಲ್ಲ. ಅದು ಮೊದಲು ಬಟ್ಟೆಯೊಳಗೆ ತುಂಬುವ ಹತ್ತಿಯ ಹೆಸರಾಗಿತ್ತು, ಆಮೇಲೆ ಹತ್ತಿ ತುಂಬಿದಂತೆ ಉಬ್ಬಿದ ಮಾತಿಗೆ ಬಂತು. ಬೊಂಬಾಯಿ ಪಟ್ಟಣದಿಂದ ಬಂದ ಥಳುಕಿನ ವಸ್ತುವೆಲ್ಲ ಬೊಂಬಾಟ್ ಎನ್ನುವವರೂ ಇದ್ದಾರೆ, ಬೊಂಬಾಯಿ ಮಿಠಾಯಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಆ ಮಿಠಾಯಿ ‘ಬೊಂಬಾಟ್ ಮಿಠಾಯಿ’ ಆಗಲಿಲ್ಲ ಎಂಬುದೇ ಅದಕ್ಕೆ ಉತ್ತರ.

ನಿಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಎತ್ತದ ಇನ್ನೊಂದು ದಾರಿಯಿದೆ, ನನಗೆ ಹೆಚ್ಚು ಆಸಕ್ತಿ ಇರುವುದು ಅದರಲ್ಲಿ. ಮರಾಠಿಯಲ್ಲಿ ‘ಬೋಂಬ’ ಎಂದರೆ ಕೂಗು, ಬಾಯಿ ಬಡಿದುಕೊಂಡು ಎಬ್ಬಿಸುವ ಬೊಬ್ಬೆ. ಹೋಳಿಹುಣ್ಣಿಮೆಯಲ್ಲಿ ಬಾಯಿಗೆ ಕೈ ಬಡಿದು ಲಬೋ ಲಬೋ ಎನ್ನುತ್ತಾರಲ್ಲ, ಅದಕ್ಕೆ ಅವರಲ್ಲಿ ಇದೇ ಹೆಸರು. ಅದೇ ಭಾಷೆಯಲ್ಲಿ ‘ಬೋಭಾಟಾ’ ಎಂದರೆ ಊರೆಲ್ಲ ಹಬ್ಬಿದ ಗುಲ್ಲು. ಕೊಂಕಣಿಯಲ್ಲಿ ಕೂಗಾಟಕ್ಕೆ ‘ಬೊಬಾಟ್’ ಎನ್ನುತ್ತಾರೆ. ನಮ್ಮದೇ ‘ಬೊಬ್ಬೆ’ ಇದೆ, ಹಳಗನ್ನಡದ ‘ಬೊಬ್ಬಿರಿ’ ಇದೆ. ಧ್ವನಿಯ ಲೆಕ್ಕದಲ್ಲಿ ಇವು ಬಾಂಬಾರ್ಡಿಗಿಂತ ಹತ್ತಿರ ಬರುತ್ತವೆ, ಮೊದಲ ಅಕ್ಷರದ ಒಕಾರ ಕೇಳದೆಯೇ ಸಿಗುತ್ತದೆ. ಅರ್ಥವೂ ದೂರವಲ್ಲ, ಊರೆಲ್ಲ ಗುಲ್ಲೆಬ್ಬಿಸಿದ್ದು ಎಂದರೆ ಊರೆಲ್ಲ ಮಾತಾಡಿಕೊಳ್ಳುವಂಥದ್ದು, ಮಾತಾಡಿಕೊಳ್ಳುವಂಥದ್ದು ಎಂದರೆ ಅಮೋಘವಾದದ್ದು. ‘ಸಿನಿಮಾ ಭಾರಿ ಸದ್ದು ಮಾಡ್ತಿದೆ’ ಎಂದು ಇಂದಿಗೂ ಪತ್ರಿಕೆಯವರು ಬರೆಯುತ್ತಾರೆ, ಯಾರೂ ಕಿವಿ ಮುಚ್ಚಿಕೊಳ್ಳುವುದಿಲ್ಲ. ದಾರಿಗೂ ಬರವಿಲ್ಲ, ಬೆಂಗಳೂರು 1638ರಲ್ಲಿ ಷಹಾಜಿಯ ಕೈಸೇರಿದ ಮೇಲೆ ಮರಾಠಿ ಈ ನಾಡಿನ ದಂಡಿನಲ್ಲಿ, ದಫ್ತರದಲ್ಲಿ, ಪೇಟೆಯಲ್ಲಿ ತಲೆಮಾರುಗಳ ಕಾಲ ಓಡಾಡಿದೆ.

ಹಾಗಾದರೆ ಇದೇ ಎಂದು ಬರೆದುಬಿಡಲೇ ಎಂದು ನೀವು ಕೇಳಬಹುದು. ಬೇಡ. ನಾನೇ ಇಷ್ಟಪಟ್ಟ ವಾದವನ್ನು ನಾನೇ ಕೆಡವಿ ತೋರಿಸುತ್ತೇನೆ. ಮರಾಠಿ, ಉರ್ದುಗಳಿಂದ ಬಂದ ಆಕಾರಾಂತ ಪದಗಳು ಕನ್ನಡದಲ್ಲಿ ಸಾಮಾನ್ಯವಾಗಿ ಎಕಾರಕ್ಕೆ ತಿರುಗುತ್ತವೆ. ಕಾಯದಾ ಕಾಯಿದೆಯಾಯಿತು, ಫಾಯದಾ ಫಾಯಿದೆಯಾಯಿತು, ಖಜಾನಾ ಖಜಾನೆ, ನಮೂನಾ ನಮೂನೆ, ದರ್ಜಾ ದರ್ಜೆ, ಜಿಲ್ಲಾ ಜಿಲ್ಲೆ. ಆ ಲೆಕ್ಕಕ್ಕೆ ಬೋಭಾಟಾ ‘ಬೊಂಬಾಟೆ’ ಆಗಬೇಕಿತ್ತು. ಕೊಂಕಣಿಯ ರೂಪ ವ್ಯಂಜನಕ್ಕೆ ನಿಂತರೂ ಆ ಭಾಷೆಯ ನೆಲೆ ಕರಾವಳಿ, ಅಲ್ಲಿಯ ಕನ್ನಡದಲ್ಲಿ ಮೆಚ್ಚುಗೆಗೆ ‘ಲಾಯ್ಕ’, ‘ಭಾರಿ’ ಎನ್ನುತ್ತಾರೆ. ಬೊಂಬಾಟ್ ಎಂಬುದು ಮನೆಮಾತಾಗಿ ಕೇಳಿಬರುವುದು ಮೈಸೂರು, ಮಂಡ್ಯ, ಬೆಂಗಳೂರಿನ ಕಡೆ. ಘಟ್ಟ ಹತ್ತಿದ ಪದ ಘಟ್ಟದ ಕೆಳಗೆ ಆ ಅರ್ಥದಲ್ಲಿ ಗುರುತೇ ಬಿಡದೆ ಬಂತು ಎಂದು ಒಪ್ಪುವುದು ಕಷ್ಟ.

ನನ್ನ ಅಭಿಪ್ರಾಯ ಕೇಳಿದರೆ ಇಷ್ಟು ಹೇಳಬಲ್ಲೆ. ಗ್ರೀಕಿನಲ್ಲಿ ಗುಂಯ್‌ಗುಡುವ ಸದ್ದಿಗೆ ‘ಬೋಂಬೋಸ್’ ಎಂದಿದ್ದರು, ಇಂಗ್ಲಿಷಿನ ಬಾಂಬು, ಬಾಂಬಾರ್ಡುಗಳು ಅಲ್ಲಿಂದ ಬಂದವು. ಮರಾಠಿಯ ಬೋಂಬ, ಕನ್ನಡದ ಬೊಬ್ಬೆ ಅದಕ್ಕೆ ಸಂಬಂಧವಿಲ್ಲದೆ ತಾವಾಗಿಯೇ ಸದ್ದಿನಿಂದ ಹುಟ್ಟಿದಂಥವು. ತುಟಿ ಮುಚ್ಚಿ, ಮೂಗಿನಲ್ಲಿ ಮೊಳಗಿ, ಮತ್ತೆ ತುಟಿ ಸಿಡಿದು ಬಾಯಿ ಅಗಲವಾಗಿ ತೆರೆದು, ಟಕಾರಕ್ಕೆ ಠಪ್ಪೆಂದು ನಿಲ್ಲುವ ಈ ಪದವನ್ನು ಒಮ್ಮೆ ನೀವೇ ಹೇಳಿ ನೋಡಿ. ದೊಡ್ಡದೇನನ್ನೋ ಕಂಡ ಬಾಯಿ ಮಾಡುವ ಕೆಲಸವೇ ಅದು. ಬಾಂಬಾರ್ಡೋ, ಬೊಬಾಟೋ, ಯಾವುದೋ ಒಂದು ಪದ ಹೊರಗಿನಿಂದ ಅರ್ಧಂಬರ್ಧ ಕೇಳಿಸಿರಬಹುದು, ಅದಕ್ಕೆ ಆಗಲೇ ಬಾಯಲ್ಲಿದ್ದ ಬೊಬ್ಬೆಯ ಸದ್ದು ಕೂಡಿಕೊಂಡು, ಆಟ ಎಂಬ ಪರಿಚಿತ ಬಾಲದ ನೆನಪು ಅದನ್ನು ನಿಲ್ಲಿಸಿರಬಹುದು. ಒಂದೇ ತಂದೆಯನ್ನು ಹುಡುಕುವ ನಮ್ಮ ಹಟ ಆಡುಮಾತಿಗೆ ಬಹಳ ಸಲ ಒಗ್ಗುವುದಿಲ್ಲ. ಇದು ಊಹೆ, ಇದನ್ನು ಊಹೆಯೆಂದೇ ಇಟ್ಟುಕೊಳ್ಳಿ.

ಇಷ್ಟೆಲ್ಲ ಅನಿಶ್ಚಿತವಾಗಲು ಕಾರಣ ಸರಳವಾಗಿದೆ. ಆಡುಮಾತು ಹುಟ್ಟಿದ ದಿನ ಯಾರೂ ಅದನ್ನು ಬರೆದಿಡುವುದಿಲ್ಲ. ಕಿಟೆಲ್ ಅವರ ಮಹಾನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅವರ ಕೆಲಸದ ನೆಲೆಗಳಾದ ಮಂಗಳೂರು, ಧಾರವಾಡಗಳಿಂದ ಮೈಸೂರಿನ ಬೀದಿ ದೂರ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದು, ಎಂಟನೆಯದು 1995ರಲ್ಲಿ ಮುಗಿಯಿತು. ಅದರ ಬುನಾದಿ ಶಾಸನ ಮತ್ತು ಗ್ರಂಥಗಳ ಪ್ರಯೋಗ. ಆದ್ದರಿಂದ ಇಂಥ ಒಂದು ಪದ ನಿಘಂಟಿನಲ್ಲಿ ಸಿಗದಿದ್ದರೆ ಅದು ಆಗ ಇರಲಿಲ್ಲವೆಂದೂ ಅರ್ಥವಲ್ಲ, ಅದು ಕನ್ನಡವಲ್ಲವೆಂದೂ ಅರ್ಥವಲ್ಲ. ಪದ ಅಚ್ಚಿಗೆ ಬರುವುದು ಅದು ಮರ್ಯಾದೆ ಗಳಿಸಿದ ಮೇಲೆ. 2008ರಲ್ಲಿ ಈ ಹೆಸರಿನದೇ ಕನ್ನಡ ಸಿನಿಮಾ ಬಂತು, ಟಿವಿಯ ಅಡುಗೆ ಕಾರ್ಯಕ್ರಮವೊಂದು ಇದನ್ನು ಹೆಸರಿನಲ್ಲಿಟ್ಟುಕೊಂಡು ಮನೆಮನೆಗೆ ತಲುಪಿತು. ಇವು ಪದದ ಯಶಸ್ಸಿಗೆ ಸಾಕ್ಷಿ, ಹುಟ್ಟಿಗಲ್ಲ. ಹುಟ್ಟಿಗೆ ಸಾಕ್ಷಿ ಬೇಕೆಂದರೆ ತಾರೀಖು ಇರುವ ಹಳೆಯ ಕಾಗದ ಬೇಕು, ಕಂಪನಿ ನಾಟಕದ ಕರಪತ್ರವೋ, ಖಾಸಗಿ ಪತ್ರವೋ, ಜಾಹೀರಾತೋ ಯಾವುದಾದರೂ ಆದೀತು. ಮೊದಲ ಮಹಾಯುದ್ಧಕ್ಕೂ ಹಿಂದಿನ ಒಂದು ಕರಪತ್ರದಲ್ಲಿ ಈ ಪದ ಸಿಕ್ಕಿತೆಂದರೆ ಸಿಪಾಯಿಗಳ ಕಥೆ ಅಂದೇ ಮುಗಿಯಿತು. ಗದ್ದಲ ಎಂಬ ಅರ್ಥದಲ್ಲಿ ಸಿಕ್ಕಿತೆಂದರೆ ನಾನು ಮರಾಠಿಯ ಕಡೆಗೆ ವಾಲುತ್ತೇನೆ.

ಈಗ ನಿಮ್ಮ ಕೆಂಪು ಗೆರೆಗೆ ಬರೋಣ. ‘ಇದು ಕನ್ನಡವೇ’ ಎಂಬುದಕ್ಕೆ ಉತ್ತರ ಅದರ ಬೇರಿನಲ್ಲಿಲ್ಲ, ಬೊಂಬಾಟಾಗಿ, ಬೊಂಬಾಟಾದ, ಬೊಂಬಾಟಾಗದೆ ಎಂದು ಅದು ಕನ್ನಡದ ಪ್ರತ್ಯಯಗಳನ್ನು ಹೊತ್ತು ನಡೆಯುವುದರಲ್ಲಿದೆ. ಜಿಲ್ಲೆ, ಕಾಫಿ, ಸಾಬೂನುಗಳು ಕನ್ನಡವಾದರೆ ಇದೂ ಕನ್ನಡ. ಆದ್ದರಿಂದ ‘ಇದು ಕನ್ನಡ ಪದವಲ್ಲ’ ಎಂಬ ಕಾರಣ ಕೊಟ್ಟು ಅಂಕ ಕಳೆದಿದ್ದರೆ ಆ ಕಾರಣ ನಿಲ್ಲುವುದಿಲ್ಲ. ಅದರ ಅಪಾಯವೆಂದರೆ ಮನೆಯಲ್ಲಿ ತಾತ ಆಡುವುದು ಕನ್ನಡವಲ್ಲ, ಪುಸ್ತಕದ್ದು ಮಾತ್ರ ಕನ್ನಡ ಎಂದು ಹುಡುಗ ತಿಳಿಯುತ್ತಾನೆ, ಆಮೇಲೆ ಬರೆಯಲು ಕೂತಾಗ ಅವನಿಗೆ ಎರಡೂ ಕೈಕೊಡುತ್ತವೆ. ಹಾಗೆಂದು ಗೆರೆ ಎಳೆಯದೆ ಬಿಟ್ಟುಬಿಡುವುದೂ ಅಪಾಯವೇ. ಎರಡು ವರ್ಷದ ಮೇಲೆ ಎಸ್ಸೆಸ್ಸೆಲ್ಸಿಯ ಉತ್ತರಪತ್ರಿಕೆ ನೋಡುವವರು ನೀವಲ್ಲ, ಮುಖ ಕಾಣದ ಇನ್ನೊಬ್ಬರು, ಪತ್ರಲೇಖನದಲ್ಲೋ ಪ್ರಬಂಧದಲ್ಲೋ ಬೊಂಬಾಟ್ ಕಂಡರೆ ಅವರು ದಯೆ ತೋರಿಸುವರೆಂಬ ಖಾತ್ರಿಯಿಲ್ಲ.

ನಾನಾಗಿದ್ದರೆ ಪದವನ್ನು ಸಂದರ್ಭಕ್ಕೆ ಬಿಡುತ್ತಿದ್ದೆ. ಕಥೆಯಲ್ಲಿ ಪಾತ್ರ ಆಡುವ ಮಾತಾಗಿ ಬಂದರೆ ಇರಲಿ, ಅಲ್ಲಿ ‘ಅತ್ಯಂತ ಮನೋಹರವಾಗಿದೆ ಕಣ್ಲಾ’ ಎಂದು ಬರೆಸುವುದೇ ತಪ್ಪು. ಮುಖ್ಯೋಪಾಧ್ಯಾಯರಿಗೆ ಬರೆಯುವ ರಜೆಯ ಅರ್ಜಿಯಲ್ಲಿ ಬಂದರೆ ತಿದ್ದಿ, ಆದರೆ ತಪ್ಪು ಪದ ಎಂದಲ್ಲ, ಜಾಗ ತಪ್ಪಿದ ಪದ ಎಂದು ಹೇಳಿ. ಪ್ರಬಂಧದಲ್ಲಿ ಬಂದಾಗ ಬೇರೆಯದೇ ಪ್ರಶ್ನೆ ಕೇಳಬೇಕು. ಹುಡುಗನ ಸಾಲಿನ ನಿಜವಾದ ಕೊರತೆ ಬೊಂಬಾಟ್ ಎಂಬುದಲ್ಲ. ಅದನ್ನು ಹೊಡೆದು ‘ಅದ್ಭುತವಾಗಿತ್ತು’ ಎಂದು ಬರೆದಿದ್ದರೆ ನೀವು ಅಂಕ ಕೊಡುತ್ತಿದ್ದಿರಿ, ಆದರೂ ಸಾಲು ಅಷ್ಟೇ ಖಾಲಿಯಾಗಿರುತ್ತಿತ್ತು. ಏನು ಬೊಂಬಾಟಾಗಿತ್ತಪ್ಪ ಎಂದು ಅವನನ್ನು ಕೇಳಿ. ಆನೆಯ ಹಣೆಯ ಮೇಲಿನ ಬಣ್ಣವೋ, ಅಂಬಾರಿ ತೂಗಿದಾಗ ಜನ ಒಟ್ಟಿಗೆ ಎದ್ದು ನಿಂತದ್ದೋ, ಜನದ ನಡುವೆ ತಾತನ ಕೈ ಬಿಡದೆ ಹಿಡಿದುಕೊಂಡದ್ದೋ? ಅದನ್ನು ಎರಡು ಸಾಲು ಬರೆಸಿ, ಆಮೇಲೆ ಬೊಂಬಾಟ್ ಬೇಕೋ ಬೇಡವೋ ಅವನೇ ತೀರ್ಮಾನಿಸಲಿ. ಕಳೆದ ಅಂಕವನ್ನು ಹಿಂದಿರುಗಿಸುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು, ನಾನಂತೂ ಕೊಟ್ಟುಬಿಡುತ್ತಿದ್ದೆ.

ಗೋಡೆಪತ್ರಿಕೆಯಲ್ಲಿ ಒಂದೇ ಮೂಲವನ್ನು ಹಾಕುವುದು ಸುಲಭ, ಮಕ್ಕಳಿಗೂ ಇಷ್ಟವಾಗುತ್ತದೆ. ಆದರೆ ಗೋಡೆಯ ಮೇಲೆ ಬರೆದದ್ದು ನಾಲ್ಕು ದಿನದಲ್ಲಿ ವಾಟ್ಸಾಪಿಗೆ ಹೋಗಿ, ‘ಮದ್ದೂರಿನ ಶಾಲೆಯಲ್ಲಿ ಹೇಳಿಕೊಟ್ಟದ್ದು’ ಎಂಬ ಮೊಹರಿನೊಂದಿಗೆ ನಿಮಗೇ ವಾಪಸು ಬರುತ್ತದೆ. ಪದಮೂಲದ ಸುಳ್ಳುಗಳು ಹೆಚ್ಚಾಗಿ ಹುಟ್ಟುವುದು ಹೀಗೆಯೇ, ಯಾರದೋ ಒಳ್ಳೆಯ ಮನಸ್ಸಿನಿಂದ. ಎಲ್ಲ ಊಹೆಗಳನ್ನೂ ಸಾಲಾಗಿ ಹಾಕಿದರೆ ಅವೆಲ್ಲ ಸಮಾನ ಎಂಬ ಭ್ರಮೆ ಹುಟ್ಟುತ್ತದೆ, ಬಾಂಬ್ಯಾಸ್ಟಿಗೂ ಬಾಂಬಾರ್ಡಿಗೂ ಒಂದೇ ತಕ್ಕಡಿಯಲ್ಲ. ಬೊಂಬೆಯಾಟ, ಬಾಂಬಾರ್ಡ್, ಬೋಭಾಟಾ ಈ ಮೂರನ್ನು ಬರೆದು, ಪ್ರತಿಯೊಂದರ ಕೆಳಗೂ ಅದಕ್ಕಿರುವ ಒಂದು ಬಲ, ಒಂದು ತೊಡಕು ಬರೆಸಿ. ಬೊಂಬೆಯಾಟದ ಸಂಧಿಯನ್ನು ಮಕ್ಕಳೇ ಬಿಡಿಸಲಿ, ನಿಮ್ಮ ಆಗಮಸಂಧಿಯ ಪಾಠವೂ ಅಲ್ಲೇ ಆಗುತ್ತದೆ. ತಾತನವರ ಮಾತನ್ನು ಸುಳ್ಳೆಂದು ಬರೆಯಬೇಡಿ, ಊರಿನ ಹಿರಿಯರೊಬ್ಬರು ಹೇಳಿದ್ದು ಎಂದು ಅವರ ಹೆಸರು ಹಾಕದೆ ಬರೆಯಿರಿ.

ಇನ್ನೊಂದು ಕೆಲಸ ನನಗಾಗಿ ಮಾಡಿಕೊಡಿ. ಆ ತಾತ ಮತ್ತೊಮ್ಮೆ ಶಾಲೆಯ ಕಡೆ ಬಂದರೆ ಕೂರಿಸಿ, ಈ ಮಾತನ್ನು ಅವರು ಮೊದಲು ಯಾರ ಬಾಯಲ್ಲಿ ಕೇಳಿದ್ದು, ಆಗ ಅವರಿಗೆ ಎಷ್ಟು ವಯಸ್ಸು, ಅವರ ಅಪ್ಪ ಅವ್ವ ಇದನ್ನು ಆಡುತ್ತಿದ್ದರೇ ಎಂದು ಕೇಳಿ ತಾರೀಖು ಹಾಕಿ ಬರೆದುಕೊಳ್ಳಿ. ನಿಮ್ಮ ಪತ್ರದಲ್ಲಿ ಅವರು ‘ಬೊಂಬಾಟ’ ಎಂದಿದ್ದಾರೆ. ಅದು ಬೊಂಬೆಯಾಟದ ವಾದಕ್ಕಾಗಿ ಅಂದು ಹಾಗೆ ಹೇಳಿದ್ದೋ, ದಿನವೂ ಹಾಗೆಯೇ ಆಡುತ್ತಾರೋ ಎಂಬುದು ಮುಖ್ಯ. ಆದ್ದರಿಂದ ಪದವನ್ನು ನೀವು ಬಾಯಿಗೆ ಕೊಡಬೇಡಿ. ಒಂದು ಲೋಟ ಕಾಫಿ ತರಿಸಿಕೊಟ್ಟು, ಹೇಗಿದೆ ಎಂದು ಕೇಳಿ, ಅವರ ಪದದ ಕೊನೆಯಲ್ಲಿ ಬರುವುದು ಅಕಾರವೋ ಉಕಾರವೋ ಕಿವಿಗೊಟ್ಟು ಕೇಳಿ ನನಗೆ ತಿಳಿಸಿ.